ಜೀಪಿನಲ್ಲಿ ಕೂತವರ ಸಹಿ

ವಕೀಲಿಕೆಗೆ ಹೊಸದಾಗಿ ಇಳಿದ ಇಬ್ಬರು ಮೊನ್ನೆ ಮನೆಗೆ ಬಂದಿದ್ದರು. ಗಂಡ ಹೆಂಡತಿ ಇಬ್ಬರಿಗೂ ಹೊಂದುವಂಥ ಒಂದು ಉಯಿಲಿನ ನಮೂನೆ ಬೇಕಂತೆ. ತೆರಿಗೆಯೂ ಉಳಿಯಬೇಕು, ಮುಂದೆ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತುವ ಹಾಗೂ ಆಗಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಾಫಿ ಕೊಟ್ಟು ಕಳಿಸಿದೆ, ನಮೂನೆ ಕೊಡಲಿಲ್ಲ. ಇಲ್ಲವೆಂದಲ್ಲ, ಕಪಾಟಿನ ತುಂಬ ಇವೆ. ಆದರೆ ಈ ಕಾಫಿ ಸೀಮೆಯಲ್ಲಿ ಉಯಿಲು ಹಾಳಾಗುವುದು ನಮೂನೆ ತಪ್ಪಾಗಿ ಅಲ್ಲ. ಯಾಕೆ ಹಾಳಾಗುತ್ತದೆ ಎಂದು ಹೇಳಲು ಹೊರಟರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟಿಗೆ ಬಿ.ಪಿ. ಏರುತ್ತದೆ, ಆಮೇಲೆ ಮನೆಯಾಕೆ ನನ್ನನ್ನು ಬೈಯುತ್ತಾಳೆ. ಅದಕ್ಕೆ ಬರೆದುಬಿಡುವುದೇ ವಾಸಿ ಅನ್ನಿಸಿತು.

ನಾನು ಕೊಲೆ ಕೇಸು ನಡೆಸಿದವನಲ್ಲ. ಪಾಲುಪತ್ರ, ದಾನಪತ್ರ, ಉಯಿಲು, ಕೃಷಿ ಆದಾಯ ತೆರಿಗೆಯ ರಿಟರ್ನು, ಇಷ್ಟರಲ್ಲೇ ನನ್ನ ಆಯುಷ್ಯ ಕಳೆಯಿತು. ಹೊರಗಿನವರಿಗೆ ಇದು ಸಪ್ಪೆ ಕೆಲಸ. ಆದರೆ ಒಂದು ಮನೆಯೊಳಗೆ ಯಾರಿಗೆ ಎಷ್ಟು ಬೆಲೆ ಎಂಬುದು ಅಡುಗೆಮನೆಯಲ್ಲಿ ಗೊತ್ತಾಗುವುದಿಲ್ಲ, ಪಾಲು ಮಾಡುವ ದಿನ ಗೊತ್ತಾಗುತ್ತದೆ. ಆ ದಿನ ನಾನು ಅಲ್ಲಿರುತ್ತಿದ್ದೆ. ನೋಡಿದ್ದನ್ನೆಲ್ಲ ನೋಡಿಕೊಂಡು ಸುಮ್ಮನಿರುವ ಸ್ವಭಾವ ನನಗೆ ದೇವರು ಕೊಡಲಿಲ್ಲ.

ನನಗೆ ಕೆಲಸ ಕಲಿಸಿದ ಸೀನಿಯರ್ ಹೆಸರು ಬರೆಯುವುದಿಲ್ಲ. ಕಾನೂನು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತೊಂಬತ್ತರ ದಶಕದ ನಡುವೆ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಅವರ ಆಫೀಸಿನ ಮುಂದೆ ಜೀಪುಗಳ ಸಾಲೇ ನಿಂತಿತ್ತು. ಆದಾಯ ಏರಿದಂತೆ ತೆರಿಗೆಯ ಪ್ರಮಾಣವೂ ಏರುತ್ತಿದ್ದ ಕಾಲ. ಒಬ್ಬನ ತಲೆಯ ಮೇಲಿದ್ದ ಆದಾಯವನ್ನು ನಾಲ್ಕು ತಲೆಗಳ ಮೇಲೆ ಹಂಚಿದರೆ ನಾಲ್ವರೂ ಕೆಳಗಿನ ದರದಲ್ಲಿ ಉಳಿಯುತ್ತಿದ್ದರು. ತಲೆಗಳು ಎಲ್ಲಿಂದ ಬರಬೇಕು? ಮನೆಯಲ್ಲೇ ಇವೆಯಲ್ಲ, ಹೆಂಡತಿಯರು. ಸೀನಿಯರ್ ಕಕ್ಷಿದಾರರಿಗೆ ನಗುತ್ತ ಹೇಳುತ್ತಿದ್ದರು: "ಹೆಂಡತಿ ಹೆಸರು ಅಂದ್ರೆ ಗೋಡೌನ್ ಇದ್ದ ಹಾಗೆ ಸ್ವಾಮಿ. ಮಾಲು ಇಡಿ. ಬೀಗದ ಕೈ ಮಾತ್ರ ನಿಮ್ಮ ಹತ್ರ ಇರಲಿ."

ಎಲ್ಲರೂ ನಗುತ್ತಿದ್ದರು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ಕೆಲವರು ಫೀಸು ಉಳಿಸಲು ತಾವೇ ಜಾಣರಾಗುತ್ತಿದ್ದರು. ದೇವರಮನೆ ಎಂಬ ಊರಿನ ಕಡೆಯ ಒಬ್ಬರು ಯಾರನ್ನೂ ಕೇಳದೆ ಅರ್ಧ ತೋಟವನ್ನು ಹೆಂಡತಿಗೆ ದಾನಪತ್ರ ಬರೆದು, ಮೀಸೆ ತಿರುವಿಕೊಂಡು ರಿಟರ್ನು ಹಾಕಿದರು. ಗಂಡ ಹೆಂಡತಿಗೆ ಸುಮ್ಮನೆ ಕೊಟ್ಟ ಆಸ್ತಿಯ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ ಎಂಬ ಸಣ್ಣ ಸಂಗತಿ ಅವರಿಗೆ ಗೊತ್ತಿರಲಿಲ್ಲ. ತೆರಿಗೆ ಮೊದಲಿನಷ್ಟೇ ಬಂತು. ಮನೆಗೆ ಹೋಗಿ ಹೆಂಡತಿಯ ಮೇಲೆ ಕೂಗಾಡಿದರಂತೆ, ಆಕೆ ಏನೋ ತಪ್ಪು ಮಾಡಿದ ಹಾಗೆ. ಅದಕ್ಕಾಗಿಯೇ ಸೀನಿಯರ್ ದಾನಪತ್ರದ ಗೊಡವೆಗೆ ಹೋಗುತ್ತಿರಲಿಲ್ಲ. ಒಟ್ಟು ಕುಟುಂಬದ ಪಾಲುಪತ್ರ ಮಾಡಿ, ಜೀವನಾಂಶದ ಬಾಬ್ತು ಎಂದು ಹೆಂಗಸರಿಗೆ ಪೂರ್ಣ ಹಕ್ಕಿನ ಒಂದೊಂದು ಭಾಗ ಬಿಡಿಸುತ್ತಿದ್ದರು. ಅದನ್ನು ಇಲಾಖೆಯವರು ಒಪ್ಪುತ್ತಿದ್ದರು. ಬೀಗದ ಕೈಗೆ ಅದೇ ದಿನ ಇನ್ನೆರಡು ಕಾಗದ: ಎಲ್ಲ ವ್ಯವಹಾರ ಗಂಡನೇ ನೋಡಲಿ ಎಂದು ಹೆಂಡತಿಯಿಂದ ಒಂದು ಪವರ್ ಆಫ್ ಅಟಾರ್ನಿ, ಅವಳು ಸತ್ತರೆ ಎಲ್ಲ ಗಂಡನಿಗೆ ಎಂದು ಒಂದು ಉಯಿಲು.

ಈ ಮೂರಕ್ಕೂ ಹೆಂಗಸರ ಸಹಿ ಬೇಕು. ನಮ್ಮ ಕಡೆಯ ಒಂದು ಪೇಟೆಯ ನೋಂದಣಿ ಕಚೇರಿಯಲ್ಲಿ ಆಗ ಒಂದು ಪದ್ಧತಿ ಇತ್ತು. ಊರಿನ ಹೆಸರು ಬೇಡ. ದೊಡ್ಡ ಮನೆಯ ಹೆಂಗಸರು ಕಚೇರಿಯೊಳಗೆ ಬರುತ್ತಿರಲಿಲ್ಲ. ಹಲಸಿನ ಮರದ ಕೆಳಗೆ ನಿಂತ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ಕಾಗದ, ಪೆನ್ನು, ಹೆಬ್ಬೆಟ್ಟಿನ ಮಸಿ ಎಲ್ಲ ಅಲ್ಲಿಗೇ ಹೋಗುತ್ತಿತ್ತು. ಕೂತಲ್ಲೇ ಸಹಿ, ಕೂತಲ್ಲೇ ಹೆಬ್ಬೆಟ್ಟು. ಇದನ್ನು ಮರ್ಯಾದೆ ಎಂದು ಕರೆಯುತ್ತಿದ್ದರು. ಯಾರ ಮರ್ಯಾದೆ ಎಂದು ನಾನು ಕೇಳಿದ್ದಕ್ಕೆ ಗುಮಾಸ್ತ ನನ್ನನ್ನು ವಿಚಿತ್ರವಾಗಿ ನೋಡಿದ್ದ.

ಜಾವಳಿ ಕಡೆಯ ಈರೇಗೌಡರು ಮತ್ತು ನಾಗೇಶಗೌಡರು ಎಂಬ ಅಣ್ಣತಮ್ಮಂದಿರು ಹೀಗೆಯೇ ಒಂದು ದಿನ ಬಂದರು. ಈರೇಗೌಡರು ಮಾತು, ಜೋರು, ಲೆಕ್ಕಾಚಾರದ ಮನುಷ್ಯ. ನಾಗೇಶಗೌಡರು ಅಣ್ಣ ಹಾಕಿದ ಗೆರೆ ದಾಟದ ಸಾಧು. ಅಣ್ಣನಿಗೆ ಒಬ್ಬ ಮಗನಿದ್ದ, ತಮ್ಮನಿಗೆ ಮಕ್ಕಳಿರಲಿಲ್ಲ. ತಂದೆತಾಯಿ ತೀರಿಕೊಂಡ ಮೇಲೂ ಎಸ್ಟೇಟು ಒಟ್ಟಾಗಿಯೇ ಇತ್ತು. ಈಗ ತೆರಿಗೆಗೋಸ್ಕರ ನಾಲ್ಕು ಭಾಗ: ಅಣ್ಣನಿಗೊಂದು, ತಮ್ಮನಿಗೊಂದು, ಅಣ್ಣನ ಹೆಂಡತಿ ಜಯಮ್ಮನಿಗೊಂದು, ತಮ್ಮನ ಹೆಂಡತಿ ಸರೋಜಮ್ಮನಿಗೊಂದು. ಹೆಂಗಸರಿಬ್ಬರೂ ಜೀಪಿನ ಹಿಂದೆ ಕೂತಿದ್ದರು. ಪಾಲುಪತ್ರದ ಕರಡು ಬರೆದವನು ನಾನೇ, ಸೀನಿಯರ್ ನನ್ನನ್ನೇ ಕಾಗದಗಳ ಜೊತೆ ಅಲ್ಲಿಗೆ ಕಳಿಸಿದರು.

ನಾನು ಸರೋಜಮ್ಮನವರ ಭಾಗದ ವಿವರವನ್ನು ಓದತೊಡಗಿದೆ. ಮುಂದಿನ ಸೀಟಿನಿಂದ ಈರೇಗೌಡರು ತಿರುಗಿದರು.

"ಓದದು ಎಂತಕ್ಕೆ ಲಾಯರ್ರೆ? ಟ್ಯಾಕ್ಸಿನ ಕಾಗ್ದ. ಮಳೆ ಬರಂಗೆ ಅದೆ, ಬೇಗ ಮುಗ್ಸಿ."

ನಾನು ಓದುವುದನ್ನು ನಿಲ್ಲಿಸಲಿಲ್ಲ. ಇರುವ ಮನೆ, ಮನೆಯ ಮೇಲ್ಭಾಗದ ರೋಬಸ್ಟಾ ಕಾಫಿ ತೋಟ, ಒಟ್ಟು ಹತ್ತು ಎಕರೆ, ಪೂರ್ಣ ಹಕ್ಕಿನಿಂದ ಸರೋಜಮ್ಮನಿಗೆ. ಅವರಿಗೆ ನಗು ಬಂತು.

"ಹತ್ತು ಎಕ್ರೆ ನಂಗಾ? ನಂಗೆಂತಕ್ಕೆ ಅದು. ಎಲ್ಲಿ ಹಾಕ್ಬೇಕು ಹೇಳಿ."

ಹಾಕಿದರು. ಜಯಮ್ಮನವರ ಸರದಿ ಬರುವಷ್ಟರಲ್ಲಿ ಸೀನಿಯರ್ ಕಿಟಕಿಯಲ್ಲಿ ನಿಂತು ನನ್ನನ್ನು ಕೂಗಿದರು. ನಾನು ತಿರುಗುವುದರೊಳಗೆ ಈರೇಗೌಡರು ಕಾಗದವನ್ನು ಎಳೆದುಕೊಂಡು ಹೆಂಡತಿಯ ಮುಂದೆ ಹಿಡಿದರು. "ಇದೂ ಅದೇ. ಹಾಕು." ಜಯಮ್ಮ ಮಾತಾಡದೆ ಹಾಕಿದರು. ಒಳಗೆ ಸೀನಿಯರ್ ನನಗೆ ಮಂಗಳಾರತಿ ಎತ್ತಿದರು: "ನಿಂಗೆ ಫೀಸು ಕೊಡೋರು ಜೀಪಿನ ಮುಂದಿನ ಸೀಟಿನವರೋ, ಹಿಂದಿನ ಸೀಟಿನವರೋ?"

ಅಂದು ಗಂಡಸರ ಉಯಿಲುಗಳೂ ಆದವು. ನನ್ನ ಸಿಟ್ಟಿನ ಮೂಲ ಇಲ್ಲಿದೆ, ಆದ್ದರಿಂದ ಹೊಸಬರು ದಯವಿಟ್ಟು ಗಮನಕೊಟ್ಟು ಓದಬೇಕು. ಸರೋಜಮ್ಮನವರ ಉಯಿಲಿನಲ್ಲಿ ತನ್ನ ನಂತರ ಎಲ್ಲ ಗಂಡನಿಗೆ ಎಂದಿತ್ತು. ಮುತ್ತೈದೆಯಾಗಿ ಹೋಗುವುದು ಭಾಗ್ಯವೆಂದು ನಂಬಿದವರಿಗೆ ಅದನ್ನು ಬರೆಯಲು ಏನೂ ಅಡ್ಡಿಯಿಲ್ಲ. ನಾಗೇಶಗೌಡರ ಉಯಿಲಿನಲ್ಲಿ ಮಾತ್ರ ಎಲ್ಲ ಅಣ್ಣನ ಮಗನಿಗೆ ಎಂದಿತ್ತು. ಹೆಂಡತಿಯ ಹೆಸರೇ ಇರಲಿಲ್ಲ. ನಾನು ಅವರನ್ನು ಜಗಲಿಗೆ ಕರೆದು, ಇದೇಕೆ ಹೀಗೆ ಎಂದು ಕೇಳಿದೆ.

"ಬರ್ಯದು ಹ್ಯಾಗೆ ಲಾಯರ್ರೆ?" ಎಂದರು ಮೆಲ್ಲಗೆ. "'ನಾನು ಸತ್ತ ಮೇಲೆ ಹೆಂಡ್ತಿಗೆ' ಅಂತ ಬರ್ದ್ರೆ, ಕುಂಕುಮ ಇಟ್ಕಂಡು ಓಡಾಡ್ತಾ ಇರೋಳ್ನ ನಾನೇ ಕೈಯಾರೆ ವಿಧವೆ ಅಂತ ಬರ್ದಂಗೆ ಆಗಲ್ವ. ಆ ಮಾತು ಬ್ಯಾಡ. ಅಣ್ಣ ನೋಡ್ಕಳ್ತಾನೆ."

ಅವರಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪ್ರೀತಿ ಇದ್ದುದರಿಂದಲೇ ಆ ಮಾತು ಬರೆಯಲಾರದೆ ಹೋದರು. ನನ್ನ ಕಪಾಟಿನಲ್ಲಿ ಆ ಕಾಲದ ಉಯಿಲುಗಳ ಪ್ರತಿ ತೆಗೆದು ನೋಡಿದರೆ, ಈ ಸೀಮೆಯ ಹೆಂಗಸರೆಲ್ಲ ಗಂಡಂದಿರಿಗಿಂತ ಮೊದಲೇ ಸಾಯುವುದಾಗಿ ಒಪ್ಪಂದ ಮಾಡಿಕೊಂಡಿದ್ದಾರೆ ಎಂದು ತಿಳಿಯಬೇಕು. ಅಪಶಕುನದ ಭಯಕ್ಕೆ ಗಂಡ ಬರೆಯುವುದಿಲ್ಲ, ಹೆಂಡತಿ ಕೇಳುವುದಿಲ್ಲ, ವಕೀಲ ಫೀಸು ಎಣಿಸಿಕೊಂಡು ಸುಮ್ಮನಿರುತ್ತಾನೆ. ಸಾವಿನ ಮಾತೇ ಬೇಡವಾದರೆ ಬದುಕಿರುವಾಗಲೇ ನಿಮ್ಮ ಭಾಗದಲ್ಲಿ ಅರ್ಧ ಅವರಿಗೆ ದಾನ ಕೊಡಿ ಎಂದೆ. ಸೀನಿಯರ್ ಅಡ್ಡ ಬಂದರು. ದಾನವಾದರೆ ಆದಾಯ ಗಂಡನ ತಲೆಗೇ ಬರುತ್ತದೆ, ತೆರಿಗೆಯಲ್ಲಿ ಕಾಸಿನ ಲಾಭವಿಲ್ಲ. ಲಾಭವಿಲ್ಲದ ಮೇಲೆ ಹೆಂಡತಿಗೆ ಯಾಕೆ ಕೊಡಬೇಕು? ಯಾರೂ ಬಾಯಿಬಿಟ್ಟು ಹೀಗೆ ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ.

ಈ ಭಯ ಉಯಿಲಿಗೆ ಮಾತ್ರ ಅಂಟಿದ್ದಲ್ಲ. ಬ್ಯಾಂಕಿನ ಫಾರಮ್ಮಿನಲ್ಲಿ ನಾಮಿನಿ ಎಂಬ ಜಾಗಕ್ಕೆ ಬಂದಾಗ ನಮ್ಮ ಪ್ಲಾಂಟರುಗಳ ಪೆನ್ನು ನಿಂತುಬಿಡುತ್ತಿತ್ತು. ಕಳಸದ ರತ್ನಮ್ಮ ಎಂಬುವರ ಗಂಡ ಠೇವಣಿ, ಷೇರು ಎಲ್ಲವನ್ನೂ ಒಬ್ಬರದೇ ಹೆಸರಿನಲ್ಲಿ ಇಟ್ಟು, ನಾಮಿನಿಯ ಜಾಗ ಖಾಲಿ ಬಿಟ್ಟು ಹೋದರು. ನಮ್ಮ ಕಡೆ ಉಯಿಲಿಗೆ ಪ್ರೊಬೇಟ್, ಅಂದರೆ ಅದು ಖರೆ ಎಂಬ ಕೋರ್ಟಿನ ಮುದ್ರೆ, ಕಡ್ಡಾಯವಲ್ಲ. ಬೊಂಬಾಯಿಯಂಥ ಕಡೆ ಆಸ್ತಿ ಮಾಡಿದವರಿಗೆ ಆ ತಲೆನೋವು. ಆದರೆ ಉಯಿಲೂ ಇಲ್ಲ, ನಾಮಿನಿಯೂ ಇಲ್ಲ ಎಂದರೆ ಬ್ಯಾಂಕಿನವರು ಕೋರ್ಟಿನಿಂದ ವಾರಸು ಸರ್ಟಿಫಿಕೇಟು ತನ್ನಿ ಎನ್ನುತ್ತಾರೆ. ಪೇಪರಿನಲ್ಲಿ ನೋಟೀಸು ಹಾಕಿಸಬೇಕು, ತಕರಾರಿದ್ದವರಿಗೆ ಕಾಯಬೇಕು. ಮೈದುನ ತಕರಾರು ಹಾಕಿಯೇ ಹಾಕಿದ. ಆ ಹೆಂಗಸು ಕಳಸದಿಂದ ಬೆಳಗಿನ ಬಸ್ಸು ಹಿಡಿದು ಬರುವುದು, ಮುಂದಿನ ತಾರೀಖು ಕೇಳಿಕೊಂಡು ಸಂಜೆಯ ಬಸ್ಸಿಗೆ ಹೋಗುವುದು. ಕೊಯ್ಲಿನ ಕಾಲದಲ್ಲಿ ಆಳುಗಳಿಗೆ ಸಂಬಳ ಕೊಡಲು ಕೈಯಲ್ಲಿ ಕಾಸಿಲ್ಲ, ಗಂಡನ ದುಡ್ಡು ಬ್ಯಾಂಕಿನಲ್ಲಿ ಬೆಚ್ಚಗೆ ಕೂತಿದೆ. ಒಂದು ದಿನ ಕೋರ್ಟಿನ ಬೆಂಚಿನ ಮೇಲೆ ಕೂತು ನನ್ನನ್ನು ಕೇಳಿದರು: "ಒಂದು ಹೆಸ್ರು ಬರ್ಯಕೆ ಅಷ್ಟು ಹೆದ್ರಿದ್ರಾ ಇವ್ರು?"

ಆಮೇಲಿಂದ ನಾನು ಗಂಡಸರಿಗೆ ಜಂಟಿ ಖಾತೆಯ ಔಷಧಿ ಕೊಡತೊಡಗಿದೆ. ಇಬ್ಬರ ಹೆಸರಿನಲ್ಲಿ ಇಡಿ, ಯಾರು ಬೇಕಾದರೂ ತೆಗೆಯಬಹುದು ಎಂದು ಬರೆಸಿ. ಅಲ್ಲಿ ಸಾವಿನ ಮಾತು ನಿಮ್ಮ ಕೈಯಿಂದ ಬರೆಯಬೇಕಿಲ್ಲ. ಕೆಲವರು ಒಪ್ಪಿದರು. ಕೆಲವರು, "ಅವ್ಳು ತೆಗ್ದ್ಬಿಟ್ರೆ?" ಎಂದರು. ಭಯ ಯಾವುದರದ್ದು ಎಂದು ಆಗ ತಿಳಿಯುತ್ತಿತ್ತು.

ಎರಡು ಸಾವಿರ ಇಸವಿಯಾದ ಕೆಲ ವರ್ಷಕ್ಕೆ ನೋಂದಣಿ ಕಚೇರಿಗೆ ಕಂಪ್ಯೂಟರು ಬಂತು. ಇನ್ನು ಮುಂದೆ ಸಹಿ ಹಾಕುವ ಪ್ರತಿಯೊಬ್ಬರೂ ಕ್ಯಾಮೆರಾದ ಮುಂದಿನ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳಬೇಕು, ಅಲ್ಲೇ ಹೆಬ್ಬೆಟ್ಟು ಒತ್ತಬೇಕು. ಕ್ಯಾಮೆರಾದ ವೈರು ಹಲಸಿನ ಮರದ ತನಕ ಬರುತ್ತಿರಲಿಲ್ಲ. ನಮ್ಮ ದೊಡ್ಡ ಮನುಷ್ಯರಿಗೆ ಆಕಾಶವೇ ಕಳಚಿ ಬಿದ್ದಂತಾಯಿತು. ಒಬ್ಬರು, ಕಂಪ್ಯೂಟರನ್ನೇ ಜಗಲಿಗೆ ತಂದಿಡಲು ಏನು ಖರ್ಚಾಗುತ್ತದೆ, ತಾನು ಕೊಡುತ್ತೇನೆ ಎಂದರು. ಇನ್ನೊಬ್ಬರು ನಮ್ಮ ಮನೆತನದ ಹೆಂಗಸರು ಸಿನಿಮಾದವರಲ್ಲ ಎಂದು ಕೂಗಾಡಿದರು. ನಾನು ಎಷ್ಟೋ ಕಾಯಿದೆ ತಿದ್ದುಪಡಿಗಳನ್ನು ನೋಡಿದ್ದೇನೆ. ಆ ಗಿಡ್ಡ ವೈರು ಮಾಡಿದಷ್ಟು ಒಳ್ಳೆಯ ಕೆಲಸ ಮಾಡಿದ ತಿದ್ದುಪಡಿ ನನಗೆ ನೆನಪಿಲ್ಲ.

ಆ ಹೊತ್ತಿಗೆ ನಾನು ಸೀನಿಯರ್ ಆಫೀಸು ಬಿಟ್ಟು ಸ್ವಂತ ಬೋರ್ಡು ಹಾಕಿದ್ದೆ. ಆ ಚಳಿಗಾಲದಲ್ಲಿ ನಾಗೇಶಗೌಡರು ಕಣದಲ್ಲಿ ಕಾಫಿ ಹರವಿಸುತ್ತಿದ್ದವರು ಅಲ್ಲೇ ಕುಸಿದು ತೀರಿಕೊಂಡರು. ಉಯಿಲಿನ ಪ್ರಕಾರ ಅವರ ಭಾಗವೆಲ್ಲ ಅಣ್ಣನ ಮಗನ ಖಾತೆಗೆ ಹೋಯಿತು. ಉಯಿಲನ್ನೇ ಬರೆಯದೆ ಸತ್ತಿದ್ದರೆ ಕಾನೂನಿನಂತೆ ಎಲ್ಲವೂ ಸರೋಜಮ್ಮನಿಗೆ ಬರುತ್ತಿತ್ತು, ಬೇರೆ ಯಾರೂ ಪಾಲು ಕೇಳುವ ಹಾಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬಂತೆ, ಕಾನೂನು ಕೊಟ್ಟಿದ್ದನ್ನು ನಮ್ಮ ವೃತ್ತಿಯವರೇ ಕಿತ್ತು ಇನ್ನೊಬ್ಬರಿಗೆ ಕೊಟ್ಟರು. ಸರೋಜಮ್ಮನ ಪಾಲಿಗೆ ಉಳಿದದ್ದು ಮನೆ ಮತ್ತು ಆ ಹತ್ತು ಎಕರೆ.

ಅದಾಗಿ ಮಳೆಗಾಲ ಕಳೆದ ಮೇಲೆ ಬೇರೆ ಕಕ್ಷಿದಾರರ ಕೆಲಸಕ್ಕೆ ನೋಂದಣಿ ಕಚೇರಿಯ ಬೆಂಚಿನಲ್ಲಿ ಕಾಯುತ್ತಿದ್ದೆ. ಹಲಸಿನ ಮರದ ಕೆಳಗೆ ಈರೇಗೌಡರ ಜೀಪು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಮತ್ತೆ ಅವರಿಬ್ಬರೇ, ಜಯಮ್ಮ ಮತ್ತು ಸರೋಜಮ್ಮ. ಈರೇಗೌಡರು ಒಳಗೆ ಬಂದು ಕಾಗದ ಕೊಟ್ಟರು. ಸರೋಜಮ್ಮ ತನ್ನ ಹತ್ತು ಎಕರೆ ಮತ್ತು ಮನೆಯ ಹಕ್ಕನ್ನು ಈರೇಗೌಡರ ಮಗನಿಗೆ ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ. ಗೌಡರಿಗೇಕೆ ಅಷ್ಟು ಅವಸರ ಎಂದು ನನಗೆ ತಕ್ಷಣ ಹೊಳೆಯಿತು. ಸರೋಜಮ್ಮ ನಾಗೇಶಗೌಡರಿಗೆ ಕೊಟ್ಟ ಪವರ್ ಆಫ್ ಅಟಾರ್ನಿ ಅವರ ಜೊತೆಯೇ ಸತ್ತಿತ್ತು. ಅವರ ಹೆಸರಿಗೆ ಬರೆದ ಸರೋಜಮ್ಮನವರ ಉಯಿಲೂ ಈಗ ಬರೀ ಕಾಗದ. ಆಕೆ ಇನ್ನೊಂದು ಉಯಿಲು ಬರೆದು ತವರಿನ ಕಡೆಯವರಿಗೆ ಕೊಟ್ಟುಬಿಟ್ಟರೆ ಎಂಬ ದಿಗಿಲು ಅವರಿಗೆ.

ಹೊಸದಾಗಿ ಬಂದಿದ್ದ ಅಧಿಕಾರಿ, ಚಿಕ್ಕ ಪ್ರಾಯದ ಹೆಣ್ಣುಮಗಳು, "ಪಾರ್ಟಿ ಎಲ್ಲಿ?" ಎಂದು ಕೇಳಿದರು. ಜೀಪಿನಲ್ಲಿದ್ದಾರೆ ಎಂದರು ಈರೇಗೌಡರು. "ಕರೀರಿ, ಫೋಟೋ ಆಗಬೇಕು." ಗೌಡರು ಮುಖ ಗಂಟಿಕ್ಕಿಕೊಂಡು ಹೋಗಿ ಕರೆತಂದರು. ಸರೋಜಮ್ಮ ಆ ಕಚೇರಿಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತರು.

"ಅಮ್ಮ, ಈ ಪತ್ರದಲ್ಲಿ ಏನಿದೆ ಗೊತ್ತಾ?"

"ಗೊತ್ತು ಗೊತ್ತು, ಟ್ಯಾಕ್ಸಿನ ಕಾಗ್ದ," ಎಂದರು ಈರೇಗೌಡರು.

"ನಾನು ಅವರನ್ನ ಕೇಳಿದ್ದು."

ಸರೋಜಮ್ಮ ಸುತ್ತ ನೋಡಿದರು. ಬೆಂಚಿನಲ್ಲಿದ್ದ ನನ್ನ ಗುರುತು ಹತ್ತಿತು.

"ಲಾಯರ್ರೆ, ಆವತ್ತು ಜೀಪಿನ ಹತ್ರ ನೀವು ಓದಿದ್ರಲ್ಲ. ಹತ್ತು ಎಕ್ರೆ ನಂಗೆ ಅಂತ. ಅದು ಈಗ್ಲೂ ನಂದೇನಾ?"

"ನಿಮ್ಮದೇ. ಇದಕ್ಕೆ ಸಹಿ ಹಾಕುವ ತನಕ ನಿಮ್ಮದೇ."

ಈರೇಗೌಡರು ನನ್ನ ಕಡೆ ತಿರುಗಿದರು. "ಅದು ಟ್ಯಾಕ್ಸಿಗೋಸ್ಕರ ಬರ್ದಿದ್ದು ಅಂತ ನಿಮ್ಗೆ ಗೊತ್ತಿಲ್ವಾ ಮಾರಾಯ್ರೆ? ನೀವೇ ಇದ್ರಲ್ಲ."

ನಾನು ಬೆಂಚಿನಿಂದ ಎದ್ದೆ. "ಇದ್ದೆ. ಅದಕ್ಕೇ ಹೇಳ್ತಾ ಇದ್ದೀನಿ. ವರ್ಷಾ ವರ್ಷಾ ಈ ತೋಟ ಸರೋಜಮ್ಮಂದು ಅಂತ ಸರ್ಕಾರಕ್ಕೆ ರಿಟರ್ನು ಹಾಕಿಸಿದವರು ನೀವು. ತೆರಿಗೆ ಉಳಿಸುವಾಗ ಅವರದ್ದು, ಅವರು ಉಣ್ಣುವಾಗ ನಿಮ್ಮದಾ?"

ಕಚೇರಿಯಲ್ಲಿದ್ದವರೆಲ್ಲ ನೋಡತೊಡಗಿದರು. ಗೌಡರು ದನಿ ಇಳಿಸಿ ತಮ್ಮನ ಹೆಂಡತಿಗೆ ಹೇಳಿದರು: "ಸರೋಜ, ನಾಗೇಶ ನಿನ್ನ ನನ್ ಕೈಲಿ ಬಿಟ್ಟು ಹೋದ. ಉಯಿಲಲ್ಲಿ ನಿನ್ ಹೆಸ್ರು ಎಂತಕ್ಕೆ ಬರೀಲಿಲ್ಲ ಅವ್ನು? ನಿಂಗೆ ಕೆಟ್ಟದಾಗ್ಬಾರ್ದು ಅಂತ."

ಸರೋಜಮ್ಮ ಅವರನ್ನೇ ನೋಡಿದರು. ಸಿಟ್ಟಿಲ್ಲ, ಅಳುವಿಲ್ಲ.

"ಬರೀದೆ ಇದ್ದಿದ್ಕೆ ಇವ್ರು ಉಳದ್ರಾ ಭಾವ?"

ನನ್ನ ವೃತ್ತಿಯಲ್ಲಿ ನಾನು ಕೇಳಿದ ವಾದಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಸರೋಜಮ್ಮ ಕುರ್ಚಿಯಿಂದ ಎದ್ದು, ಅಧಿಕಾರಿಗೆ ಕೈಮುಗಿದು, "ಫೋಟೋ ಬ್ಯಾಡ ಬಿಡಿ ಅಮ್ಮ" ಎಂದು ಹೊರಗೆ ನಡೆದರು.

ನಾನು ಜಗಲಿಯಲ್ಲಿ ಅವರನ್ನು ನಿಲ್ಲಿಸಿ ಹೇಳಿದೆ: ಹೊಸ ಉಯಿಲು ಬರೆಯಲೇಬೇಕು. ಬರೆಯದೆ ಕಣ್ಣು ಮುಚ್ಚಿದರೆ, ಮಕ್ಕಳಿಲ್ಲದವರ ಆ ಆಸ್ತಿ ಗಂಡನ ಕಡೆಗೆ, ಅಂದರೆ ಇದೇ ಭಾವನ ಕೈಗೆ ಹೋಗುತ್ತದೆ. ಯಾರಿಗೆ ಕೊಡಬೇಕೆಂದು ನೀವೇ ಯೋಚಿಸಿ. ಬೇಕಾದರೆ ನಾನೇ ಮನೆಗೆ ಬರುತ್ತೇನೆ.

"ಬ್ಯಾಡ, ನಾನೇ ಬರ್ತೀನಿ. ಬಸ್ಸಿದೆಯಲ್ಲ."

ಅವರ ಕೈಚೀಲ ಜೀಪಿನಲ್ಲಿತ್ತು. ತೆಗೆದುಕೊಳ್ಳಲು ಹೋದರು, ನಾನೂ ಜೊತೆಗೆ ಹೋದೆ. ಈರೇಗೌಡರು ಅಷ್ಟರಲ್ಲಿ ದಾಪುಗಾಲು ಹಾಕಿ ಬಂದು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಜಯಮ್ಮ ಹಿಂದೆ ಒಬ್ಬರೇ ಇದ್ದರು. ಆಕೆಯ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಚೀಲವನ್ನು ಸರೋಜಮ್ಮನ ಕೈಗೆ ಕೊಟ್ಟು, ಏನಾಯಿತೆಂದು ಕೇಳಿದರು. ಸರೋಜಮ್ಮ ಎರಡೇ ಮಾತಿನಲ್ಲಿ ಹೇಳಿದರು: ಹತ್ತು ಎಕರೆ ತನ್ನದಂತೆ, ಸಹಿ ಹಾಕಲಿಲ್ಲ.

"ಜಯ, ಸುಮ್ನೆ ಕೂತ್ಕ," ಎಂದು ಮುಂದಿನಿಂದ ಗೌಡರು ಗದರಿದರು. ಜೀಪು ಸ್ಟಾರ್ಟಾಯಿತು.

ಜಯಮ್ಮ ಗಂಡನ ಕಡೆ ನೋಡಲಿಲ್ಲ. ನನ್ನನ್ನು ನೋಡಿದರು.

"ಲಾಯರ್ರೆ, ಆವತ್ತು ನಾನೂ ಸೈನ್ ಹಾಕಿದ್ದೆ. ನಂಗೆ ಯಾರೂ ಓದ್ಲಿಲ್ಲ. ನಂದೆಷ್ಟು?"

ಇಂಜಿನ್ನಿನ ಗದ್ದಲ ಜೋರಾಗಿತ್ತು, ಗೌಡರು ಬೇಕೆಂದೇ ಆಕ್ಸಿಲರೇಟರ್ ಒತ್ತುತ್ತಿದ್ದರು. ನಾನು ಅದಕ್ಕಿಂತ ಜೋರಾಗಿ, ಕಚೇರಿಯೊಳಗಿನವರಿಗೂ ಕೇಳಿಸುವ ಹಾಗೆ ಹೇಳಿದೆ: ಕೆರೆಯ ಪಕ್ಕದ ತೋಟ, ಹನ್ನೊಂದು ಎಕರೆ, ಪೂರ್ಣ ಹಕ್ಕಿನಿಂದ.

ಜಯಮ್ಮ ಸೆರಗು ಸರಿಮಾಡಿಕೊಂಡು ಜೀಪಿನಿಂದ ಇಳಿದರು. ಸರೋಜಮ್ಮ ಅವರ ಕೈ ಹಿಡಿದುಕೊಂಡರು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು.